ಡಯಟೀಷಿಯನ್ ಓದು: ಮೊದಲು ಕೆಮಿಸ್ಟ್ರಿ ಕೇಳಿ, ಆಮೇಲೆ ವಾರ್ಡ್ ಕೇಳಿ

ಪಿಯುಸಿ ರಿಸಲ್ಟ್ ಬಂದ ವಾರದಿಂದ ನಮ್ಮ ಓಪಿಡಿ ಮುಂದೆ ಬೇರೆ ಥರದ ಜನ ಕಾಣಿಸಿಕೊಳ್ಳುತ್ತಾರೆ. ಇವರಿಗೆ ಶುಗರ್ ಇಲ್ಲ, ಬಿಪಿ ಇಲ್ಲ. ಅಪ್ಪನ ಕೈಯಲ್ಲಿ ಮಾರ್ಕ್ಸ್ ಕಾರ್ಡು, ಪಕ್ಕದಲ್ಲಿ ತುಟಿ ಪಿಟಕ್ ಅನ್ನದೆ ಕೂತ ಮಗಳು. "ನೀಟ್ ಆಗ್ಲಿಲ್ರಿ ಮೇಡಂ. ಈ ಡಯಟೀಷಿಯನ್ ಕೋರ್ಸ್ ಹೆಂಗ್ ಐತ್ರಿ? ಸರಳ ಇರತೈತೇನ್ರಿ?"

ಸರಳ ಇರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆ ಚೆನ್ನಾಗಿ ಬರುತ್ತದೆ ಅಂತಲೋ, ತೂಕ ಇಳಿಸುವ ರೀಲ್ಸ್ ನೋಡಿ ಹುಮ್ಮಸ್ಸು ಬಂತು ಅಂತಲೋ ಸೇರಿದವರು ಬಯೋಕೆಮಿಸ್ಟ್ರಿ, ಅಂದರೆ ದೇಹದೊಳಗಿನ ಕೆಮಿಸ್ಟ್ರಿಯ ಪುಸ್ತಕ ಕೈಗೆ ಬಂದಾಗ ಕಣ್ಣು ಕಣ್ಣು ಬಿಡುತ್ತಾರೆ. ನಾನು ಡಯಟೀಷಿಯನ್, ಅಂದರೆ ಯಾವ ರೋಗಿ ಏನು, ಎಷ್ಟು ತಿನ್ನಬೇಕು ಅಂತ ಹೇಳುವವಳು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನ ಕೈಕೆಳಗೆ ಇಂಟರ್ನ್‌ಶಿಪ್‌ಗೆ ಬರುವ ಹುಡುಗಿಯರನ್ನು ನೋಡಿ ಹೇಳುತ್ತಿದ್ದೇನೆ. ಕಾಲೇಜಿನ ಕಟ್ಟಡ, ಕೋರ್ಸಿನ ಹೆಸರು, ಬಣ್ಣದ ಬ್ರೋಷರ್ ಇವೆಲ್ಲ ಆಮೇಲೆ. ಕೆಮಿಸ್ಟ್ರಿ ಎಷ್ಟು ಗಟ್ಟಿಯಾಗಿ ಕಲಿಸುತ್ತಾರೆ, ಎಷ್ಟು ತಿಂಗಳು ಯಾವ ಆಸ್ಪತ್ರೆಯ ವಾರ್ಡಿನಲ್ಲಿ ನಿಲ್ಲಿಸುತ್ತಾರೆ. ಡಯಟೀಷಿಯನ್ ತಯಾರಾಗುವುದು ಈ ಎರಡರಲ್ಲೇ.

ಪ್ರವೇಶದ ಮಾತಿಗೆ ಬರೋಣ. ನಮ್ಮ ಕಡೆಯವರಿಗೆ ಹತ್ತಿರದ, ಹಳೆಯ ಜಾಗ ಅಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯ ಶುರುವಾದದ್ದು 1986ರಲ್ಲಿ. ಅಲ್ಲಿನ ಗೃಹ ವಿಜ್ಞಾನ ಕಾಲೇಜು ಅದಕ್ಕೂ ಹಳೆಯದು, 1974ರದ್ದು. ಈಗ ಅದರ ಹೆಸರು ಸಮುದಾಯ ವಿಜ್ಞಾನ ಕಾಲೇಜು. ಹಳಬರು ಮಾತ್ರ ಇನ್ನೂ ಹೋಮ್ ಸೈನ್ಸ್ ಕಾಲೇಜು ಅಂತಲೇ ಕರೆಯುತ್ತಾರೆ. ಸಮುದಾಯ ವಿಜ್ಞಾನದ ಬಿಎಸ್ಸಿ ಆನರ್ಸ್ 4 ವರ್ಷದ ಪದವಿ, 8 ಸೆಮಿಸ್ಟರ್. ಇದಕ್ಕೆ ಪಿಯುಸಿಯಲ್ಲಿ ಸೈನ್ಸ್ ಓದಿರಬೇಕು, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು, ಸಿಇಟಿ ಬರೆಯಬೇಕು. ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನೀಟ್ ರ್‍ಯಾಂಕ್ ಇಲ್ಲಿ ಲೆಕ್ಕಕ್ಕಿಲ್ಲ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದನ್ನು ಸಿಇಟಿ ಅರ್ಜಿ ತುಂಬುವಾಗಲೇ ಕೇಳಿಕೊಳ್ಳಬೇಕು. ಗದಗ, ಹಾವೇರಿ ಕಡೆಯ ಎಷ್ಟೋ ಮನೆಗಳಲ್ಲಿ ಹೊಲ ಇದೆ, ಪಹಣಿ ಇದೆ, ಆದರೆ ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಟ್ಟು ಬಂದಿರುತ್ತಾರೆ. ಆಮೇಲೆ ಬೆಂಗಳೂರಿಗೆ ಫೋನ್ ಹಚ್ಚಿ ಏನು ಉಪಯೋಗ?

ಒಂದು ವಿಷಯ ತಿಳಿದಿರಲಿ. ಸಮುದಾಯ ವಿಜ್ಞಾನ ಅಂದರೆ ಪೂರ್ತಿ ಡಯಟೆಟಿಕ್ಸ್ ಅಲ್ಲ. ಆಹಾರ ಮತ್ತು ಪೋಷಣೆ ಅದರಲ್ಲಿ ಒಂದು ದೊಡ್ಡ ಭಾಗ. ಜೊತೆಗೆ ಮಕ್ಕಳ ಬೆಳವಣಿಗೆ, ಜವಳಿ, ಮನೆ ನಿರ್ವಹಣೆ, ಕಲಿತದ್ದನ್ನು ಹಳ್ಳಿಯ ಜನಕ್ಕೆ ಮುಟ್ಟಿಸುವ ವಿಸ್ತರಣಾ ಶಿಕ್ಷಣ ಎಲ್ಲ ಓದಬೇಕು. ಕೊನೆಯ ವರ್ಷ ಹಳ್ಳಿಗೆ ಹೋಗಿ ಕೆಲಸ ಮಾಡುವ ಅನುಭವವೂ ಅದರಲ್ಲಿ ಸೇರಿದೆ. ಆಸ್ಪತ್ರೆಗೇ ಬರಬೇಕು ಅನ್ನುವವರು ಇದಾದ ಮೇಲೆ ಪೋಷಣೆಯಲ್ಲಿ ಎಂಎಸ್ಸಿ ಮಾಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಇದು ವ್ಯರ್ಥ ಸುತ್ತಲ್ಲ. ಹಳ್ಳಿ ನೋಡಿದ ಹುಡುಗಿ ರೋಗಿಯ ಜೊತೆ ಮಾತಾಡುವ ರೀತಿಯೇ ಬೇರೆ ಇರುತ್ತದೆ.

ಸಾಮಾನ್ಯ ವಿಶ್ವವಿದ್ಯಾಲಯಗಳ ಕೆಳಗಿನ ಡಿಗ್ರಿ ಕಾಲೇಜುಗಳಲ್ಲಿ ಪೋಷಣೆಯನ್ನು ಒಂದು ವಿಷಯವಾಗಿ ತೆಗೆದುಕೊಂಡು ಬಿಎಸ್ಸಿ ಮಾಡುವ ದಾರಿಯೂ ಇದೆ. ಇಲ್ಲಿ ಸಿಇಟಿ ಬೇಡ, ಪಿಯುಸಿ ಅಂಕದ ಮೇಲೆ ಪ್ರವೇಶ. ಕರ್ನಾಟಕದಲ್ಲಿ 2024ರಿಂದ ಸಾಮಾನ್ಯ ಪದವಿ ಮತ್ತೆ 3 ವರ್ಷಕ್ಕೆ ಬಂದಿದೆ. ಹಾಗಾಗಿ ಅಕ್ಕ 4 ವರ್ಷ ಓದಿದಳು, ತಂಗಿಗೆ 3 ವರ್ಷ ಹೇಗೆ ಅಂತ ಮನೆಯಲ್ಲಿ ಗೊಂದಲ ಆಗುವುದು ಸಹಜ.

ಈಗ ಕಾನೂನು. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಮುಂದಿನ ಹತ್ತು ವರ್ಷಕ್ಕೆ ಇದೇ ಮುಖ್ಯ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಫಿಸಿಯೋಥೆರಪಿ, ಕಣ್ಣು ಪರೀಕ್ಷೆಯ ಆಪ್ಟೋಮೆಟ್ರಿ ಜೊತೆಗೆ ಡಯಟೀಷಿಯನ್ ಮತ್ತು ನ್ಯೂಟ್ರಿಷನಿಸ್ಟ್ ಕೂಡ ಆ ಪಟ್ಟಿಯಲ್ಲಿ ಇದ್ದಾರೆ. 2025ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 10 ವೃತ್ತಿಗಳಿಗೆ ಒಂದೇ ಥರದ ಪಠ್ಯಕ್ರಮ ಬಿಡುಗಡೆ ಮಾಡಿತು. ಅದರಲ್ಲಿ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಒಂದು. ಅದೇ ವರ್ಷ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಯುಜಿಸಿ ಇನ್ನೊಂದು ಆದೇಶ ಹೊರಡಿಸಿತು: ಈ ಕಾಯ್ದೆಯ ಅಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಇನ್ನು ಮುಂದೆ ಕೊಡುವಂತಿಲ್ಲ. ಫುಡ್ ಅಂಡ್ ನ್ಯೂಟ್ರಿಷನ್, ಕ್ಲಿನಿಕಲ್ ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್ ಎರಡೂ ಅದರಲ್ಲಿ ಬರುತ್ತವೆ. ಆದ್ದರಿಂದ ಯಾರಾದರೂ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಡಯಟೆಟಿಕ್ಸ್ ಡಿಗ್ರಿ ಮಾಡಿ ಅಂತ ಜಾಹೀರಾತು ಕೊಟ್ಟರೆ ದುಡ್ಡು ಕಟ್ಟುವ ಮುಂಚೆ ಎರಡು ಸಲ ಯೋಚಿಸಿ. ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಸ್ವಂತ ತಿಳಿವಳಿಕೆಗೆ ಮಾಡಿದರೆ ತಪ್ಪಿಲ್ಲ. ಅದನ್ನು ಗೋಡೆಗೆ ನೇತುಹಾಕಿ ಕಿಡ್ನಿ ರೋಗಿಗೆ ಊಟ ಹೇಳಲು ಕೂತರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ಕಿಡ್ನಿ ಅಂದೆನಲ್ಲ, ಸಿಲಬಸ್ಸಿನಲ್ಲಿ ಬಯೋಕೆಮಿಸ್ಟ್ರಿ ಯಾಕೆ ಇಷ್ಟು ಇಟ್ಟಿದ್ದಾರೆ ಅನ್ನುವುದಕ್ಕೆ ಅಲ್ಲಿಯದೇ ಉದಾಹರಣೆ ಕೊಡುತ್ತೇನೆ. ಕಿಡ್ನಿ ಸೋತ ರೋಗಿಗೆ ಡಯಾಲಿಸಿಸ್ ಶುರುವಾಗುವ ಮುಂಚೆ ಪ್ರೋಟೀನ್ ಕಡಿಮೆ ಮಾಡಿ ಅನ್ನುತ್ತೇವೆ. ಬೇಳೆ, ಮೊಟ್ಟೆ, ಹಾಲು ಎಲ್ಲ ಅಳತೆ. ಡಯಾಲಿಸಿಸ್ ಶುರುವಾದ ಮೇಲೆ ಅದೇ ರೋಗಿಗೆ ಅದೇ ನಾನು ಪ್ರೋಟೀನ್ ಜಾಸ್ತಿ ತಿನ್ನಿ ಅನ್ನುತ್ತೇನೆ, ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಲೆಕ್ಕದಲ್ಲಿ. ಮನೆಯವರು ನನ್ನ ಮುಖ ನೋಡುತ್ತಾರೆ. "ಹೋದ ತಿಂಗಳ ಬ್ಯಾಡ ಅಂದಿದ್ರಿ, ಈಗ ತಿನ್ನು ಅಂತೀರಲ್ರಿ ಮೇಡಂ?" ಡಯಾಲಿಸಿಸ್ ಯಂತ್ರ ರಕ್ತದ ಕೊಳೆಯನ್ನಷ್ಟೇ ತೆಗೆಯುವುದಿಲ್ಲ, ಪ್ರೋಟೀನಿನ ತುಣುಕುಗಳಾದ ಅಮೈನೋ ಆಮ್ಲಗಳೂ ಅದರ ಜೊತೆ ಸೋರಿ ಹೋಗುತ್ತವೆ. ಇದು ಗೊತ್ತಿಲ್ಲದವರು ಹಳೆ ಡಯಟ್ ಚಾರ್ಟನ್ನೇ ಮುಂದುವರಿಸುತ್ತಾರೆ, ರೋಗಿ ಸೊರಗುತ್ತಾನೆ. ಅದೇ ವಾರ್ಡಿಗೆ ನೋಡಲು ಬಂದ ನೆಂಟರು ತಂಪು ಅಂತ ಎಳನೀರು ತಂದಿರುತ್ತಾರೆ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ. ಅದು ಆ ರೋಗಿಯ ರಕ್ತದಲ್ಲಿ ಮೊದಲೇ ಏರಿದ್ದರೆ ಆ ಎಳನೀರು ಹೃದಯದ ಬಡಿತವನ್ನೇ ಕೆಡಿಸಬಹುದು. ತರಕಾರಿ ಹೆಚ್ಚಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಪಲ್ಯ ಮಾಡಿ ಅಂತ ಹೇಳುವುದು ಇದಕ್ಕೇ, ನೀರಿನ ಜೊತೆ ಪೊಟ್ಯಾಶಿಯಂ ಹೋಗಲಿ ಅಂತ. ಸಾರಿನ ರುಚಿಯೆಲ್ಲ ಆ ನೀರಿನಲ್ಲೇ ಇದೆ ಅನ್ನುವ ಅತ್ತೆಯನ್ನು ಒಪ್ಪಿಸುವುದು ಬಯೋಕೆಮಿಸ್ಟ್ರಿಗಿಂತ ಕಷ್ಟ. ಅದಕ್ಕಾಗಿಯೇ ಸಿಲಬಸ್ಸಿನಲ್ಲಿ ಕೌನ್ಸೆಲಿಂಗ್ ಅಂತ ಬೇರೆ ಪೇಪರ್ ಇಟ್ಟಿರುತ್ತಾರೆ.

ಮೊದಲ ವರ್ಷ ಸಾಮಾನ್ಯವಾಗಿ ಫಿಸಿಯಾಲಜಿ, ಫುಡ್ ಸೈನ್ಸ್, ಪೋಷಣೆಯ ಮೂಲ ಪಾಠಗಳು. ಆಮೇಲೆ ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಗರ್ಭಿಣಿಯಿಂದ ಮುದುಕರವರೆಗೆ ಬೇರೆ ಬೇರೆ ವಯಸ್ಸಿನವರ ಊಟ, ಸಮುದಾಯ ಪೋಷಣೆ, ಸ್ಟ್ಯಾಟಿಸ್ಟಿಕ್ಸ್. ದೊಡ್ಡ ಅಡುಗೆಮನೆ ನಡೆಸುವ ಲೆಕ್ಕಾಚಾರಕ್ಕೂ ಒಂದು ಪೇಪರ್ ಇರುತ್ತದೆ. ಇದನ್ನು ಮಕ್ಕಳು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನೂರಾರು ರೋಗಿಗಳಿಗೆ ಬೆಳಿಗ್ಗೆ ಗಂಜಿ ಹೊತ್ತಿಗೆ ಸರಿಯಾಗಿ ಹೋಗಬೇಕಾದ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಪೇಪರಿನ ಬೆಲೆ ಗೊತ್ತಾಗುತ್ತದೆ. ಕೊನೆಯಲ್ಲಿ ಬರುವ ಮೆಡಿಕಲ್ ನ್ಯೂಟ್ರಿಷನ್ ಥೆರಪಿ ಈ ಓದಿನ ಬೆನ್ನೆಲುಬು. ಶುಗರ್, ಲಿವರ್, ಕಿಡ್ನಿ, ಕ್ಯಾನ್ಸರ್, ಸುಟ್ಟ ಗಾಯ, ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವುದು, ಎಲ್ಲ ಇದರಲ್ಲಿ.

ಟ್ಯೂಬ್ ಫೀಡ್ ಲೆಕ್ಕ ನೋಡಿ. 60 ಕೆಜಿ ತೂಕದ ರೋಗಿ, ಕೆಜಿಗೆ 25 ಕ್ಯಾಲರಿ ಅಂದರೆ ದಿನಕ್ಕೆ 1500. ಒಂದು ಮಿಲಿಲೀಟರಿಗೆ ಒಂದು ಕ್ಯಾಲರಿ ಬರುವಂತೆ ಫೀಡ್ ಮಾಡಿದರೆ 1500 ಮಿಲಿ. 250 ಮಿಲಿಯಂತೆ 6 ಸಲ. ಐದನೇ ಕ್ಲಾಸಿನ ಗಣಿತ, ಅಲ್ವಾ? ಆದರೆ ಆ ರೋಗಿ ಹತ್ತು ದಿನದಿಂದ ಏನೂ ತಿಂದಿಲ್ಲ ಅಂದರೆ ಮೊದಲ ದಿನವೇ 1500 ಕೊಡುವಂತಿಲ್ಲ. ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಹೋದರೆ ರಕ್ತದ ಫಾಸ್ಫೇಟ್, ಪೊಟ್ಯಾಶಿಯಂ ಸರ್ರನೆ ಇಳಿದು ಜೀವಕ್ಕೇ ಕುತ್ತು ಬರಬಹುದು. ಸ್ವಲ್ಪದಿಂದ ಶುರುಮಾಡಿ, ದಿನಾ ರಕ್ತದ ರಿಪೋರ್ಟ್ ನೋಡಿಕೊಂಡು ಏರಿಸಬೇಕು. ಹೀಗೆ ಯಾಕೆ ಆಗುತ್ತದೆ ಅಂತ ಡಾಕ್ಟರ್ ರೌಂಡ್ಸಿನಲ್ಲಿ ಕೇಳಿದರೆ ಇನ್ಸುಲಿನ್‌ನಿಂದ ಹಿಡಿದು ಜೀವಕೋಶದವರೆಗೆ ಹೇಳಲು ಬರಬೇಕು. ಪಿಯುಸಿಯಲ್ಲಿ ಕೆಮಿಸ್ಟ್ರಿಗೆ ಹೆದರಿ ಈ ಕಡೆ ಬಂದವರಿಗೆ ನಾನು ಬೇಡ ಅನ್ನುವುದಿಲ್ಲ. ಇಲ್ಲಿಯೂ ಅದೇ ಕಾದಿದೆ ಅಂತ ಹೇಳುತ್ತೇನೆ, ಅಷ್ಟೇ.

ಇನ್ನು ವಾರ್ಡಿನ ಕೆಲಸ. ಇಂಟರ್ನ್‌ಗಳಿಗೆ ನಾನು ಮೊದಲು ಕೊಡುವುದು ನಿನ್ನೆ ಇಡೀ ದಿನ ಏನು ತಿಂದಿರಿ ಅಂತ ರೋಗಿಯನ್ನು ಕೇಳಿ ಬರೆಯುವ ಕೆಲಸ. ಪುಸ್ತಕದಲ್ಲಿ ಇದಕ್ಕೆ 24 ಗಂಟೆಯ ಡಯಟ್ ರೀಕಾಲ್ ಅನ್ನುತ್ತಾರೆ. ಹುಡುಗಿ ಹೋಗಿ ಕೇಳುತ್ತಾಳೆ, "ಏನ್ ಉಂಡಿದ್ರಿ ಅಜ್ಜಾರ?" "ಏನ್ ಉಣ್ಣೂದವಾ, ಎರಡು ರೊಟ್ಟಿ, ಪಲ್ಯ." ಅವಳು ಅಷ್ಟನ್ನೇ ಬರೆದುಕೊಂಡು ಬರುತ್ತಾಳೆ. ಪುಸ್ತಕದ ಚಪಾತಿಗೆ 25 ಗ್ರಾಂ ಹಿಟ್ಟು, 80 ಕ್ಯಾಲರಿ. ಅದೇ ಲೆಕ್ಕ ಹಾಕಿದರೆ ಅಜ್ಜನ ಎರಡು ರೊಟ್ಟಿ 160 ಕ್ಯಾಲರಿ. ನಮ್ಮ ಕಡೆ ತಟ್ಟುವ ಜೋಳದ ರೊಟ್ಟಿ ಅಷ್ಟು ಸಣ್ಣದಾ? ಮನೆಯಲ್ಲಿ ತಕ್ಕಡಿ ಇಟ್ಟು ನೋಡಿ. 60 ಗ್ರಾಂ ಹಿಟ್ಟು ಹೋಗಿದ್ದರೆ ಒಂದೇ ರೊಟ್ಟಿಗೆ 200 ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲರಿ, 10 ಗ್ರಾಂ ಪ್ರೋಟೀನ್. ವಾಪಸ್ ಕಳಿಸಿ ಇನ್ನೊಮ್ಮೆ ಕೇಳಿಸುತ್ತೇನೆ. ರೊಟ್ಟಿ ಬಿಸಿದಾ, ಕಟಕ್ ರೊಟ್ಟಿನಾ? ಜೊತೆಗೆ ಶೇಂಗಾ ಚಟ್ನಿ ಎಷ್ಟು ಚಮಚ? ಅದರ ಮೇಲೆ ಎಣ್ಣೆ ಹಾಕಿಕೊಂಡಿರಾ, ಮೊಸರಾ? ಉಪ್ಪಿನಕಾಯಿ? ಚಹಾ ಎಷ್ಟು ಸಲ? ಚಹಾ ಊಟದ ಲೆಕ್ಕಕ್ಕೆ ಬರುತ್ತದೆ ಅಂತ ನಮ್ಮ ಜನಕ್ಕೆ ಅನಿಸುವುದೇ ಇಲ್ಲ. ಸಂಜೆ ಮಿರ್ಚಿ ಭಜಿ ಮಂಡಕ್ಕಿ ಅಂತೂ ಯಾರ ಬಾಯಿಂದಲೂ ಮೊದಲ ಸಲ ಕೇಳಿದಾಗ ಬರುವುದಿಲ್ಲ. ಇದನ್ನು ಹೊರಗೆ ತೆಗೆಯುವ ವಿದ್ಯೆ ಕ್ಲಾಸ್‌ರೂಮಿನಲ್ಲಿ ಬರಲ್ಲ. ಎಷ್ಟು ರೋಗಿಗಳ ಹಾಸಿಗೆ ಪಕ್ಕ ಕೂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ಹಾಗಾಗಿ ಕಾಲೇಜಿಗೆ ವಿಚಾರಿಸಲು ಹೋದಾಗ ನೇರವಾಗಿ ಕೇಳಿ: ಮಕ್ಕಳನ್ನು ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಎಷ್ಟು ತಿಂಗಳು, ಅಲ್ಲಿ ಪೂರ್ಣಾವಧಿ ಡಯಟೀಷಿಯನ್ ಇದ್ದಾರಾ? ಹುಬ್ಬಳ್ಳಿ–ಧಾರವಾಡದಲ್ಲಿ ದೊಡ್ಡ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿವೆ, ಗದಗ, ಹಾವೇರಿಗೂ ಈಗ ಮೆಡಿಕಲ್ ಕಾಲೇಜು ಬಂದಿವೆ. ಆಸ್ಪತ್ರೆಗೆ ಬರವಿಲ್ಲ. ಕಾಲೇಜು ಒಪ್ಪಂದ ಮಾಡಿಕೊಂಡಿದೆಯೋ ಇಲ್ಲವೋ ಅನ್ನುವುದು ಪ್ರಶ್ನೆ. ಮಕ್ಕಳೇ ಹುಡುಕಿಕೊಳ್ಳುತ್ತಾರೆ ಅಂತ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಬಿಎಸ್ಸಿ ಒಂದೇ ಇಟ್ಟುಕೊಂಡು ಡಯಟೀಷಿಯನ್ ಕೆಲಸ ಸಿಗುವುದಿಲ್ಲವೇ? ಸಣ್ಣ ಆಸ್ಪತ್ರೆ, ಜಿಮ್‌ಗಳಲ್ಲಿ ಸಿಗುತ್ತದೆ. ಆದರೆ ರಿಜಿಸ್ಟರ್ಡ್ ಡಯಟೀಷಿಯನ್ ಅನ್ನಿಸಿಕೊಳ್ಳಬೇಕಾದರೆ 1963ರಿಂದ ಇರುವ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಕೂರಲು ಎಂಎಸ್ಸಿ ಅಥವಾ ಡಯಟೆಟಿಕ್ಸ್‌ನಲ್ಲಿ ಪಿಜಿ ಡಿಪ್ಲೊಮಾ ಬೇಕು, ಆಸ್ಪತ್ರೆಯ ಇಂಟರ್ನ್‌ಶಿಪ್ ಬೇಕು. ಅಪ್ಪಂದಿರಿಗೆ ನಾನು ಹೇಳುವ ಲೆಕ್ಕ ಇಷ್ಟೇ: ಪಿಯುಸಿ ಆದ ಮೇಲೆ ಐದಾರು ವರ್ಷ ಖರ್ಚಿಗೆ ತಯಾರಿರಿ. ಮೂರನೇ ವರ್ಷಕ್ಕೇ ಸಂಬಳ ಬರುತ್ತದೆ ಅಂತ ಸಾಲ ಮಾಡಬೇಡಿ. ಅಮೆರಿಕದ ಕನಸಿದ್ದವರಿಗೆ ಒಂದು ಮಾತು. ಅಲ್ಲಿ 2024ರ ಜನವರಿ 1ರಿಂದ ರಿಜಿಸ್ಟ್ರೇಷನ್ ಪರೀಕ್ಷೆ ಬರೆಯಲು ಮಾಸ್ಟರ್ಸ್ ಪದವಿ ಕಡ್ಡಾಯ ಮಾಡಿದ್ದಾರೆ.

ಹುಡುಗರೂ ಬರಬಹುದಾ ಅಂತ ಕೆಲವರು ಸಂಕೋಚದಿಂದ ಕೇಳುತ್ತಾರೆ. ಧಾರಾಳವಾಗಿ ಬರಲಿ. ಗಂಡಸರ ವಾರ್ಡಿನಲ್ಲಿ ಕುಡಿತದ ಲೆಕ್ಕ ಬಾಯಿ ಬಿಡಿಸಲು ನನಗೆ ಅವರೇ ಬೇಕು.

ಸೇರಿದ ಮೇಲೆ ಎರಡು ಕೆಲಸ ಮರೆಯಬೇಡಿ. ಪ್ರತಿ ಸೆಮಿಸ್ಟರಿನ ಸಿಲಬಸ್ ಪ್ರತಿಯನ್ನು ಕಾಲೇಜಿನ ಸೀಲ್ ಹಾಕಿಸಿ ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೇರೆ ವಿಶ್ವವಿದ್ಯಾಲಯಕ್ಕೋ ಹೊರದೇಶಕ್ಕೋ ಅರ್ಜಿ ಹಾಕುವಾಗ ಬಯೋಕೆಮಿಸ್ಟ್ರಿ ಎಷ್ಟು ಗಂಟೆ ಓದಿದಿರಿ ಅಂತ ಕೇಳಬಹುದು, ಬರೀ ಮಾರ್ಕ್ಸ್ ಕಾರ್ಡು ಸಾಲುವುದಿಲ್ಲ. ಇಂಟರ್ನ್‌ಶಿಪ್ ಲಾಗ್‌ಬುಕ್ಕಿಗೆ ಸಹಿ ಅವತ್ತಿನದು ಅವತ್ತೇ ಹಾಕಿಸಿಕೊಳ್ಳಿ. ಆರು ತಿಂಗಳಾದ ಮೇಲೆ ಒಟ್ಟಿಗೆ ತಂದು ಮುಂದಿಟ್ಟರೆ ಯಾವ ದಿನ ಯಾವ ರೋಗಿಯನ್ನು ನೋಡಿದಿರಿ ಅಂತ ನಿಮಗೂ ನೆನಪಿರುವುದಿಲ್ಲ, ನನಗೂ ಇರುವುದಿಲ್ಲ. ಆಗ ನಾನು ಸಹಿ ಹಾಕುವುದಿಲ್ಲ.