ಪ್ರಮಾಣಪತ್ರವಿರುವ ಕೊಕ್ಕೊ ಬೀಜ ಕೊಂಡರೆ ಸಾಕೇ?

ಪ್ರಶ್ನೆ: ಬಳ್ಳಾರಿಯಲ್ಲಿ ಸಣ್ಣ ಪ್ರಮಾಣದಲ್ಲಿ ಚಾಕೊಲೇಟ್ ತಯಾರಿಸಿ, ಕೈಗೂಡಿದರೆ ಯುರೋಪಿಗೂ ಕಳಿಸುವ ಯೋಚನೆಯಿದೆ. ವಿಚಾರಿಸಿದ ಖರೀದಿದಾರರೆಲ್ಲ ‘ಸುಸ್ಥಿರ’ ಕೊಕ್ಕೊ ಬೀಜವೇ ಆಗಬೇಕು ಎನ್ನುತ್ತಾರೆ. ಪ್ರಮಾಣಪತ್ರವಿರುವ ಬೀಜ ಕೊಂಡರೆ ಸಾಕಲ್ಲವೇ?

ಉತ್ತರ: ಸಾಲದು. ಪ್ರಮಾಣಪತ್ರ ಬೇಡವೇ ಬೇಡ ಎಂದಲ್ಲ. ಆದರೆ ಖರೀದಿದಾರರು ಈಗ ಕೇಳುತ್ತಿರುವುದು ಚೀಲದೊಳಗಿನ ಬೀಜ ಯಾವ ತೋಟದ್ದು ಎಂದು. ಬಹಳಷ್ಟು ಪ್ರಮಾಣಪತ್ರಗಳು ಆ ಪ್ರಶ್ನೆಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಕೊಕ್ಕೊ ವ್ಯಾಪಾರದಲ್ಲಿ ‘ಮಾಸ್ ಬ್ಯಾಲೆನ್ಸ್’ ಎಂಬ ಒಂದು ಲೆಕ್ಕ ನಡೆಯುತ್ತದೆ. ಗಂಗಾವತಿಯ ಒಂದು ಅಕ್ಕಿ ಗಿರಣಿಯನ್ನು ಊಹಿಸಿಕೊಳ್ಳಿ. ಸಾವಯವ ಭತ್ತ ನೂರು ಚೀಲ ಬಂತು, ಸಾಮಾನ್ಯ ಭತ್ತ ಒಂಬೈನೂರು ಚೀಲ ಬಂತು. ಎಲ್ಲವನ್ನೂ ಒಟ್ಟಿಗೆ ಸುರಿದು ಗಿರಣಿ ಮಾಡಿ, ಹೊರಬಂದ ಅಕ್ಕಿಯಲ್ಲಿ ನೂರು ಚೀಲ ಭತ್ತಕ್ಕೆ ಸಲ್ಲುವಷ್ಟಕ್ಕೆ ಮಾತ್ರ ಸಾವಯವ ಎಂದು ಮುದ್ರೆ ಒತ್ತಿದರು. ಲೆಕ್ಕ ತಪ್ಪಿಲ್ಲ. ಆದರೆ ತಟ್ಟೆಯಲ್ಲಿರುವ ಅಗುಳು ಯಾರ ಹೊಲದ್ದು ಎಂದು ಯಾರೂ ಹೇಳಲಾರರು. ಇಂಥ ಪ್ರಮಾಣಪತ್ರಗಳ ಹಿಂದಿರುವ ಫೇರ್‌ಟ್ರೇಡ್, ರೇನ್‌ಫಾರೆಸ್ಟ್ ಅಲಯನ್ಸ್ ಎಂಬ ಸಂಸ್ಥೆಗಳೆರಡೂ ಕೊಕ್ಕೊದಲ್ಲಿ ಈ ಪದ್ಧತಿಗೆ ಅವಕಾಶ ಕೊಟ್ಟಿವೆ. ಇದನ್ನು ಮೋಸ ಎನ್ನಲು ನಾನು ಒಪ್ಪುವುದಿಲ್ಲ. ಬಂದರಿನಿಂದ ಕಾರ್ಖಾನೆಯವರೆಗೆ ಬೀಜವನ್ನು ಬೇರೆ ಬೇರೆಯಾಗಿ ಇಡುವುದು ದುಬಾರಿ ಕೆಲಸ, ಹೀಗೆ ಮಾಡುವುದರಿಂದ ರೈತರ ಸಂಘಗಳಿಗೆ ಹೆಚ್ಚುವರಿ ಹಣವಾದರೂ ಸೇರುತ್ತದೆ. ಆದರೆ ಬೀಜ ಕೊಳ್ಳುವಾಗ ನೀವು ಪ್ರಮಾಣಪತ್ರ ಮಾಸ್ ಬ್ಯಾಲೆನ್ಸ್ ಬಗೆಯದೋ, ಬೀಜವನ್ನು ಪ್ರತ್ಯೇಕವಾಗಿಯೇ ಸಾಗಿಸಿದ ಬಗೆಯದೋ ಎಂದು ಕೇಳಿ, ಬರಹದಲ್ಲಿ ಪಡೆಯಬೇಕು.

ಯುರೋಪಿಗೆ ಕಳಿಸುವುದಾದರೆ ಈ ವ್ಯತ್ಯಾಸವೇ ವ್ಯಾಪಾರದ ಹಣೆಬರಹವನ್ನು ತೀರ್ಮಾನಿಸುತ್ತದೆ. ಯುರೋಪಿಯನ್ ಒಕ್ಕೂಟವು 2023ರಲ್ಲಿ ಅರಣ್ಯನಾಶದ ವಿರುದ್ಧ ಒಂದು ಕಾನೂನು ತಂದಿದೆ. ದನ, ಕೊಕ್ಕೊ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಇವು ಏಳೂ ಅದರ ವ್ಯಾಪ್ತಿಯಲ್ಲಿವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕೊಕ್ಕೊಗೆ ಅಲ್ಲಿ ಪ್ರವೇಶವಿಲ್ಲ. ಬೀಜಕ್ಕೆ ಮಾತ್ರವಲ್ಲ, ಅದರಿಂದ ಮಾಡಿದ ಚಾಕೊಲೇಟಿಗೂ ನಿಯಮ ಅನ್ವಯಿಸುತ್ತದೆ. ಪ್ರಮಾಣಪತ್ರವನ್ನು ಪೂರಕ ದಾಖಲೆಯಾಗಿ ತೋರಿಸಬಹುದು, ಅದರಿಂದಲೇ ಹೊಣೆ ಮುಗಿಯುವುದಿಲ್ಲ. ಮೂಲ ಗೊತ್ತಿಲ್ಲದ ಬೀಜ ಬೆರೆತಿದ್ದರೆ ಇಡೀ ಸರಕೇ ಅನರ್ಹ. ಜಾರಿಯ ದಿನಾಂಕ ಎರಡು ಬಾರಿ ಮುಂದಕ್ಕೆ ಹೋಗಿದೆ ಎಂಬುದು ನಿಜ. ಹಾಗೆಂದು ಖರೀದಿದಾರರು ಕೈಕಟ್ಟಿ ಕುಳಿತಿಲ್ಲ, ತೋಟದ ವಿವರವನ್ನು ಈಗಿನಿಂದಲೇ ಕೇಳುತ್ತಿದ್ದಾರೆ.

ತೋಟದ ವಿವರ ಎಂದರೆ ಪಹಣಿ ಎಂದು ನಮ್ಮವರು ತಕ್ಷಣ ತಿಳಿಯುತ್ತಾರೆ. ಪಹಣಿ ಬೇಕು, ಏಕೆಂದರೆ ಬೆಳೆದ ದೇಶದ ಭೂಕಾನೂನಿನ ಪ್ರಕಾರ ಜಮೀನು ನ್ಯಾಯಬದ್ಧವಾಗಿರಬೇಕು ಎಂಬ ಷರತ್ತೂ ಇದೆ. ಆದರೆ ಸರ್ವೆ ನಂಬರ್ ಯುರೋಪಿನವರ ನಕ್ಷೆಯಲ್ಲಿ ತೆರೆದುಕೊಳ್ಳುವುದಿಲ್ಲ. ಅವರಿಗೆ ಬೇಕಾದದ್ದು ಅಕ್ಷಾಂಶ, ರೇಖಾಂಶ. ಅದೂ ದಶಮಾಂಶದ ನಂತರ ಆರು ಅಂಕಿಗಳಷ್ಟು ನಿಖರವಾಗಿ. ತೋಟ ನಾಲ್ಕು ಹೆಕ್ಟೇರ್ ಮೀರಿದರೆ ಒಂದು ಬಿಂದು ಸಾಲದು, ಸುತ್ತಳತೆಯ ಗಡಿಯನ್ನೇ ಗುರುತಿಸಬೇಕು. ಸಣ್ಣ ಹಿಡುವಳಿಗೆ ಒಂದು ಮೊಬೈಲ್ ಫೋನ್ ಸಾಕು. ಕಷ್ಟವಿರುವುದು ಆ ಬಿಂದು ಮತ್ತು ಚೀಲದ ನಂಟನ್ನು ಕೊನೆಯವರೆಗೆ ಉಳಿಸಿಕೊಳ್ಳುವುದರಲ್ಲಿ.

ಕಾಡು ಉಳಿದರೆ ಸಾಕು, ಸುಸ್ಥಿರವಾಯಿತು ಎನ್ನುವವರೂ ಇದ್ದಾರೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಐವರಿ ಕೋಸ್ಟ್ ಮತ್ತು ಘಾನಾದಿಂದ. ಅಲ್ಲಿ ಕೊಕ್ಕೊ ಕೆಲಸದಲ್ಲಿ ಸುಮಾರು 15.6 ಲಕ್ಷ ಮಕ್ಕಳಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಸಂಸ್ಥೆಯೊಂದರ ಅಧ್ಯಯನ ಅಂದಾಜು ಮಾಡಿತ್ತು. ಮಕ್ಕಳ ದುಡಿಮೆಯ ಅತಿ ಕೆಟ್ಟ ರೂಪಗಳನ್ನು ತೊಲಗಿಸುತ್ತೇವೆ ಎಂದು ದೊಡ್ಡ ಚಾಕೊಲೇಟ್ ಕಂಪನಿಗಳು 2001ರಲ್ಲೇ ಸಹಿ ಹಾಕಿದ್ದವು. ಇದನ್ನು ಓದಿ ಆಫ್ರಿಕಾದ ಕಡೆ ಬೆರಳು ತೋರಿಸುವ ಮುನ್ನ ಹೈಬ್ರಿಡ್ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಮಕ್ಕಳಿಂದ ಪರಾಗಸ್ಪರ್ಶ ಮಾಡಿಸಿದ ನಮ್ಮ ಭಾಗದ ಚರಿತ್ರೆಯನ್ನೂ ನೆನೆಯುವುದು ಒಳ್ಳೆಯದು. ಎರಡೂ ಕಡೆ ಕಾರಣ ಒಂದೇ. ದೊಡ್ಡವರಿಗೆ ಕೂಲಿ ಕೊಟ್ಟರೆ ಗಿಟ್ಟದಂಥ ದರಕ್ಕೆ ಬೆಳೆಯನ್ನು ಕೊಳ್ಳಲಾಗುತ್ತದೆ. ಐವರಿ ಕೋಸ್ಟ್ ಮತ್ತು ಘಾನಾ 2020-21ರ ಹಂಗಾಮಿನಿಂದ ಕೊಳ್ಳುವವರ ಮೇಲೆ ಟನ್ನಿಗೆ 400 ಡಾಲರ್ ಹೆಚ್ಚುವರಿ ವಿಧಿಸಿದ್ದು ರೈತರಿಗೆ ಹೆಚ್ಚು ದರ ಸಿಗಲೆಂದೇ. ಆದ್ದರಿಂದ ರೈತರ ಕೈಗೆ ಎಷ್ಟು ಸೇರಿತು ಎಂದು ಕೇಳದೆ ಸುಸ್ಥಿರತೆಯ ಮಾತಾಡುವ ವ್ಯಾಪಾರಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ.

ಹಾಗಾದರೆ ಬೀಜ ಎಲ್ಲಿಂದ? ಆಫ್ರಿಕಾದಿಂದ ತರಿಸಿದರೆ ಒಂದು ಕಂಟೈನರ್ ಎಂದರೆ ಸುಮಾರು 12.5 ಟನ್, ಸಣ್ಣ ಘಟಕಕ್ಕೆ ಅದು ನುಂಗಲಾಗದ ತುತ್ತು. ತುಂಗಭದ್ರಾ ಕಾಲುವೆಯ ಕೆಳಗೆ ನಾವೇ ಬೆಳೆದರಾಗದೇ ಎಂಬ ಮಾತೂ ಇದರ ಬೆನ್ನಿಗೇ ಬರುತ್ತದೆ. ಈ ಗಿಡಕ್ಕೆ ನೆರಳು ಬೇಕು, ವರ್ಷವಿಡೀ ಗಾಳಿಯಲ್ಲಿ ತೇವ ಬೇಕು. ನಮ್ಮಲ್ಲಿ ಬೇಸಿಗೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ನೀರು ಹಾಯಿಸಬಹುದು, ಗಾಳಿಯ ತೇವವನ್ನು ಹಾಯಿಸಲು ಬರುವುದಿಲ್ಲ. ಆ ಆಸೆ ಬಿಡಿ.

ನಮ್ಮ ದೇಶದ ಬೀಜವೇ ಸರಿ. ದಕ್ಷಿಣ ಕನ್ನಡದ ಅಡಿಕೆ ತೋಟಗಳು, ಆಂಧ್ರದ ಗೋದಾವರಿ ಭಾಗದ ತೆಂಗಿನ ತೋಟಗಳು, ಕೇರಳ, ತಮಿಳುನಾಡಿನ ಪೊಳ್ಳಾಚಿ ಇವೇ ಮುಖ್ಯ ನೆಲೆಗಳು. ಹೆಚ್ಚಾಗಿ ಹಳೆಯ ತೋಟದ ನಡುವೆ ಅಂತರಬೆಳೆಯಾಗಿ ಬೆಳೆಯುವುದರಿಂದ ಕಾಡು ಕಡಿದ ಪ್ರಶ್ನೆ ಇಲ್ಲಿ ಅಷ್ಟು ತೊಡಕಿನದಲ್ಲ. ಮಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕೊಕ್ಕೊ ಬೀಜವನ್ನು ಕೊಳ್ಳುತ್ತದೆ, ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಕಾರ್ಖಾನೆಯನ್ನೂ ನಡೆಸುತ್ತಿದೆ.

ತೊಡಕು ಬೇರೆಡೆ ಇದೆ. ಇಲ್ಲಿನ ರೈತರು ಹೆಚ್ಚಾಗಿ ಕಾಯಿ ಒಡೆದು ಹಸಿ ಬೀಜವನ್ನೇ ಮಾರುತ್ತಾರೆ. ಹುದುಗಿಸುವುದು, ಒಣಗಿಸುವುದು ಕೊಂಡವರ ಕೆಲಸ. ಹತ್ತು ತೋಟಗಳ ಹಸಿ ಬೀಜ ಖರೀದಿ ಕೇಂದ್ರದಲ್ಲಿ ಹುದುಗಿಸುವ ಒಂದೇ ಪೆಟ್ಟಿಗೆಗೆ ಬಿದ್ದ ಮೇಲೆ ಗುರುತು ಅಲ್ಲಿಗೇ ಅಳಿಸಿಹೋಗುತ್ತದೆ. ಹತ್ತೂ ತೋಟಗಳ ಪಟ್ಟಿ, ತೂಕ, ತಾರೀಖು ಬರೆದಿಟ್ಟಿದ್ದರೆ ಅಡ್ಡಿಯಿಲ್ಲ. ಇಲ್ಲದಿದ್ದರೆ ಆಮೇಲೆ ಯಾವ ಪ್ರಯೋಗಾಲಯವೂ ಅದನ್ನು ಹುಡುಕಿಕೊಡುವುದಿಲ್ಲ. ಹುದುಗಿಸುವವರ ಬಳಿ ಹೋಗಿ ಮೊದಲು ಆ ನೋಟ್‌ಬುಕ್ ತೋರಿಸಿ ಎನ್ನಿ. ದರದ ಮಾತು ಆಮೇಲೆ.

ನಂತರ ಬೀಜ ಕೊಯ್ದು ನೋಡಿ. ರಾಶಿಯ ಬೇರೆ ಬೇರೆ ಕಡೆಯಿಂದ ನೂರು ಬೀಜ ಆರಿಸಿ, ಒಂದೊಂದನ್ನೂ ಉದ್ದಕ್ಕೆ ಸೀಳಿ ಬಿಳಿ ಹಾಳೆಯ ಮೇಲೆ ಬೆಳಕಿಗೆ ಹಿಡಿಯಿರಿ. ಒಳಗೆ ಕಂದು ಬಣ್ಣ, ನಡುವೆ ಸುಕ್ಕು ಬಿರುಕುಗಳಿದ್ದರೆ ಚೆನ್ನಾಗಿ ಹುದುಗಿದೆ. ನೇರಳೆ ಬಣ್ಣ ಉಳಿದಿದ್ದರೆ ಪೆಟ್ಟಿಗೆಯಿಂದ ಬೇಗ ತೆಗೆದಿದ್ದಾರೆ, ಚಾಕೊಲೇಟ್ ಒಗರಾಗುತ್ತದೆ. ಸ್ಲೇಟಿನ ಬೂದು ಬಣ್ಣವಿದ್ದರೆ ಹುದುಗಿಯೇ ಇಲ್ಲ. ಬೂಷ್ಟು, ಹುಳು ಕಂಡರೆ ಮಾತೇ ಬೇಡ. ಹುದುಗಲು ಐದರಿಂದ ಏಳು ದಿನ ಬೇಕು, ಒಣಗಿದ ಮೇಲೆ ತೇವಾಂಶ ಶೇಕಡಾ 7ರ ಆಸುಪಾಸಿಗೆ ಇಳಿದಿರಬೇಕು. ಮಳೆಗಾಲದ ಸರಕಾದರೆ ಮೂಸಿ ನೋಡಿ: ಕಟ್ಟಿಗೆ ಬೆಂಕಿಯಲ್ಲಿ ಒಣಗಿಸಿದ ಬೀಜಕ್ಕೆ ಅಂಟಿದ ಹೊಗೆಯ ವಾಸನೆ ಹುರಿದರೂ ಹೋಗುವುದಿಲ್ಲ. ಗುಣಮಟ್ಟವೂ ಸುಸ್ಥಿರತೆಯೂ ಬೇರೆ ಬೇರೆ ಎಂದು ಹೇಳುವವರಿದ್ದಾರೆ, ಆದರೆ ಒಳ್ಳೆಯ ಬೀಜಕ್ಕಲ್ಲದೆ ರೈತರಿಗೆ ಹೆಚ್ಚು ದರ ಕೊಡಲು ನಿಮಗೆ ಗಿಟ್ಟುವುದಾದರೂ ಹೇಗೆ?

ದರವನ್ನು ಒಂದು ಹಂಗಾಮಿಗಾದರೂ ಮೊದಲೇ ಮಾತಾಡಿಕೊಳ್ಳಿ. ಪಶ್ಚಿಮ ಆಫ್ರಿಕಾದ ಕೆಟ್ಟ ಹವಾಮಾನ, ಗಿಡಗಳ ವೈರಸ್ ರೋಗ, ಮುದಿ ತೋಟ ಎಲ್ಲ ಕೂಡಿ 2024ರಲ್ಲಿ ಟನ್ನಿನ ದರ ಹತ್ತು ಸಾವಿರ ಡಾಲರ್ ದಾಟಿತ್ತು, 2025ರಲ್ಲಿ ಮತ್ತೆ ಕುಸಿಯಿತು. ಅಂದಂದಿನ ದರವನ್ನೇ ನೆಚ್ಚಿದ್ದ ಸಣ್ಣ ಘಟಕಕ್ಕೆ ಇಂಥ ಏರಿಳಿತ ತಾಳಿಕೊಳ್ಳುವುದು ಕಷ್ಟ.

ಸಂಗ್ರಹಣೆಯ ವಿಷಯದಲ್ಲಿ ಬಳ್ಳಾರಿಗೆ ಒಂದು ಅನುಕೂಲವಿದೆ. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಬೀಜ ನಮ್ಮ ಒಣ ಹವೆಯಲ್ಲಿ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಆದರೆ ಬೀಜದ ಅರ್ಧದಷ್ಟು ಕೊಬ್ಬೇ ಆದ್ದರಿಂದ ಪಕ್ಕದಲ್ಲಿ ಏನಿದೆಯೋ ಅದರ ವಾಸನೆಯನ್ನು ಹೀರಿಕೊಳ್ಳುತ್ತದೆ. ಖಾಲಿ ಇದೆ, ಬಾಡಿಗೆ ಕಡಿಮೆ ಎಂದು ಮೆಣಸಿನಕಾಯಿ ಗೋದಾಮಿನ ಮೂಲೆಯಲ್ಲಿ, ಗೊಬ್ಬರ ಕ್ರಿಮಿನಾಶಕದ ಅಂಗಡಿಯ ಹಿಂದೆ ಇಡಬೇಡಿ. ಚೀಲವೂ ಆಹಾರ ದರ್ಜೆಯ ಸೆಣಬಿನದ್ದೇ ಆಗಿರಲಿ. ಸಾಮಾನ್ಯ ಸೆಣಬಿನ ಚೀಲದ ನಾರಿಗೆ ಖನಿಜ ಎಣ್ಣೆ ಬಳಸಿರುತ್ತಾರೆ, ಅದು ಬೀಜಕ್ಕೆ ಇಳಿದರೆ ಯುರೋಪಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಭತ್ತ ತುಂಬಿದ್ದ ಹಳೆಯ ಚೀಲಗಳಂತೂ ಖಂಡಿತ ಬೇಡ.