ಕಾರಿನ ಎಂಜಿನ್ ಥರ್ಮೋಸ್ಟಾಟ್: ದೋಷ ಗುರುತಿಸಿ ಬದಲಾಯಿಸುವ ಬಗೆ

ಎಂಜಿನ್ ಮತ್ತು ರೇಡಿಯೇಟರ್ (ಬಿಸಿ ದ್ರವವನ್ನು ತಣಿಸುವ ಭಾಗ) ನಡುವೆ ಕೂಲೆಂಟ್ ಎಂಬ ತಂಪುಕಾರಕ ದ್ರವ ಹರಿಯುವ ದಾರಿಯಲ್ಲಿ, ಶಾಖದಿಂದಲೇ ತೆರೆದು ಮುಚ್ಚುವ ಕವಾಟವೇ ಥರ್ಮೋಸ್ಟಾಟ್. ಅದರ ಪುಟ್ಟ ಲೋಹದ ಕೋಶದಲ್ಲಿ ಮೇಣ ತುಂಬಿರುತ್ತದೆ; ಕೂಲೆಂಟ್ ಕಾದಂತೆ ಮೇಣ ಕರಗಿ ಹಿಗ್ಗಿ, ಒಳಗಿನ ಕಡ್ಡಿಯನ್ನು ದೂಡಿ, ಸ್ಪ್ರಿಂಗಿನ ಬಲವನ್ನು ಮೀರಿ ಕವಾಟವನ್ನು ತೆರೆಯುತ್ತದೆ. ಹೆಚ್ಚಿನ ಕಾರುಗಳಲ್ಲಿ ಇದು 82ರಿಂದ 92 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯತೊಡಗುತ್ತದೆ.

ದೋಷ ಎರಡು ಬಗೆಯದು, ಎರಡರ ಲಕ್ಷಣಗಳೂ ಬೇರೆ. ಕವಾಟ ತೆರೆದೇ ಉಳಿದರೆ ಎಂಜಿನ್ ಬೇಗ ಕಾಯುವುದಿಲ್ಲ, ಹೀಟರ್ ಉಗುರುಬೆಚ್ಚಗಷ್ಟೇ ಬೀಸುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ, ಕಾರಿನ ದೋಷಗಳನ್ನು ಓದುವ ಸ್ಕ್ಯಾನರ್‌ನಲ್ಲಿ ಅನೇಕ ವೇಳೆ ಪಿ0128 (ಕೂಲೆಂಟ್ ಸಾಕಷ್ಟು ಕಾಯುತ್ತಿಲ್ಲ) ಎಂಬ ಕೋಡ್ ಕಾಣುತ್ತದೆ. ಮುಚ್ಚಿಯೇ ಉಳಿದರೆ ಅಪಾಯ ಹೆಚ್ಚು: ತಾಪಮಾನದ ಮುಳ್ಳು ಕೆಂಪು ಗೆರೆಯತ್ತ ಏರುತ್ತದೆ, ಓಡಿಸುತ್ತಲೇ ಹೋದರೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಸೊಟ್ಟಗಾಗಬಹುದು. ಆದರೆ ಕೂಲೆಂಟ್ ಕೊರತೆ, ಕೆಟ್ಟ ಫ್ಯಾನ್, ಸವೆದ ವಾಟರ್ ಪಂಪ್ ಕೂಡ ಇದೇ ರೀತಿ ಕಾವೇರಿಸುವುದರಿಂದ, ಅವನ್ನು ಪರೀಕ್ಷಿಸದೆ ಥರ್ಮೋಸ್ಟಾಟನ್ನೇ ದೂರುವುದು ಸರಿಯಲ್ಲ. ಸಂಶಯ ಉಳಿದರೆ ಬಿಚ್ಚಿದ ಭಾಗವನ್ನು ನೀರಿನ ಪಾತ್ರೆಯಲ್ಲಿ, ತಳಕ್ಕೆ ತಾಗದಂತೆ ದಾರದಿಂದ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣಮಾಪಕವಿಟ್ಟು ಕಾಯಿಸಬೇಕು. ಅದರ ಮೇಲೆ ಅಚ್ಚೊತ್ತಿರುವ ತಾಪಮಾನದ ಆಸುಪಾಸಿನಲ್ಲಿ ಕವಾಟ ಬಾಯಿಬಿಡಬೇಕು, ನೀರು ತಣಿದಾಗ ಪೂರ್ತಿ ಮುಚ್ಚಿಕೊಳ್ಳಬೇಕು. ಇಷ್ಟು ಸರಳವಾದ, ಇಷ್ಟು ನಂಬಲರ್ಹವಾದ ಪರೀಕ್ಷೆ ಕಾರಿನ ಬೇರೆ ಬಿಡಿಭಾಗಗಳಿಗೆ ವಿರಳ.

ಬದಲಾಯಿಸಲು ತೊಡಗುವಾಗ, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ರೇಡಿಯೇಟರಿನ ಅಥವಾ ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆರೆಯಬಾರದು. ಒತ್ತಡದಲ್ಲಿರುವ ಬಿಸಿ ಕೂಲೆಂಟ್ ಚಿಮ್ಮಿ ಮೈ ಸುಡುತ್ತದೆ. ಕೂಲೆಂಟನ್ನು ಅಗಲ ಪಾತ್ರೆಗೆ ಇಳಿಸಿ ತಕ್ಷಣ ಮುಚ್ಚಿಡಬೇಕು, ಏಕೆಂದರೆ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದರೂ ವಿಷ, ಸಾಕುಪ್ರಾಣಿಗಳು ನೆಕ್ಕುವ ಸಾಧ್ಯತೆ ಇರುತ್ತದೆ. ಬಳಿಕ ಹೋಸ್ (ಕೂಲೆಂಟ್ ಕೊಳವೆ) ಕಳಚಿ, ಥರ್ಮೋಸ್ಟಾಟನ್ನು ಒಳಗೊಂಡ ಕವಚವಾದ ಹೌಸಿಂಗ್‌ನ ಬೋಲ್ಟ್‌ಗಳನ್ನು ಬಿಚ್ಚಬೇಕು. ಹಳೆಯದು ಯಾವ ದಿಕ್ಕಿಗೆ ಮುಖಮಾಡಿ ಕುಳಿತಿತ್ತೆಂದು ತೆಗೆಯುವ ಮೊದಲೇ ಫೋಟೋ ತೆಗೆದಿಡುವುದು ಒಳಿತು: ಮೇಣದ ಕೋಶ ಎಂಜಿನ್ ಕಡೆಗಿರಬೇಕು, ಗಾಳಿ ಹೊರಹೋಗುವ ಸಣ್ಣ ರಂಧ್ರವಿದ್ದರೆ ಅದು ಸಾಮಾನ್ಯವಾಗಿ ಮೇಲ್ತುದಿಗೆ ಬರಬೇಕು. ಹೌಸಿಂಗ್ ಅಲ್ಯೂಮಿನಿಯಂನದಾದರೆ ಹಳೆಯ ಗ್ಯಾಸ್ಕೆಟನ್ನು (ಸೋರದಂತೆ ತಡೆಯುವ ಪದರ) ಲೋಹದ ಅಲಗಿನಿಂದ ಕೆರೆಯದೆ ಪ್ಲಾಸ್ಟಿಕ್ ಉಪಕರಣದಿಂದ ತೆಗೆಯಬೇಕು, ಗೀರು ಬಿದ್ದಲ್ಲೇ ಮುಂದೆ ಸೋರಿಕೆ ಶುರುವಾಗುತ್ತದೆ. ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟ್‌ಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ, ಕೈಪಿಡಿ ಹೇಳುವ ಬಿಗಿತದ ಪ್ರಮಾಣವಾದ ಟಾರ್ಕ್‌ಗೆ ಬಿಗಿಯಬೇಕು.

ಅವಸರದಲ್ಲಿ ಬಿಟ್ಟುಹೋಗುವ ಹಂತವೆಂದರೆ ಗಾಳಿ ತೆಗೆಯುವುದು. ಒಳಗೆ ಸಿಕ್ಕಿಬಿದ್ದ ಗಾಳಿಯ ಗುಳ್ಳೆ ಥರ್ಮೋಸ್ಟಾಟನ್ನು ಸುತ್ತುವರಿದರೆ, ಬಿಸಿ ಕೂಲೆಂಟ್ ಮೇಣವನ್ನು ಮುಟ್ಟದೆ ಹೊಸ ಕವಾಟವೂ ತೆರೆಯುವುದಿಲ್ಲ. ಆದ್ದರಿಂದ ತಯಾರಕರು ಸೂಚಿಸಿದ ಬಗೆಯ ಕೂಲೆಂಟನ್ನು ನಿಧಾನವಾಗಿ ತುಂಬಿ, ಗಾಳಿ ಬಿಡುವ ತಿರುಪು ಇದ್ದರೆ ಅಲ್ಲಿಂದ ಗುಳ್ಳೆಯಿಲ್ಲದೆ ದ್ರವ ಬರುವವರೆಗೆ ತೆರೆದಿಟ್ಟು, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಫ್ಯಾನ್ ತಿರುಗತೊಡಗುವವರೆಗೆ ಎಂಜಿನ್ ಓಡಿಸಬೇಕು. ಪೂರ್ತಿ ತಣಿದ ಮೇಲೆ ಮಟ್ಟ ನೋಡಿ, ಕಡಿಮೆಯಾಗಿದ್ದರೆ ಮತ್ತೆ ತುಂಬಬೇಕು. ಗಾಳಿಯೆಲ್ಲ ಹೋದ ಬಳಿಕವೂ ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಗ್ಯಾಸ್ಕೆಟ್) ಸೋರುತ್ತಿರುವ ಸಾಧ್ಯತೆಯಿದೆ. ಆಗ ಕಾರನ್ನು ಓಡಿಸದೆ ಅದನ್ನು ಪರೀಕ್ಷಿಸಬೇಕು.