ಅಟ್ಟದ ಮೇಲಿನ ಮರಿಗೆಯನ್ನು ಸಂಗ್ರಹಾಲಯಕ್ಕೆ ಕೊಟ್ಟರೆ ಅದು ನಮ್ಮದಾಗಿಯೇ ಉಳಿಯತ್ತಾ?

ಪ್ರಶ್ನೆ: ಶಿರಸಿ ಹತ್ತಿರದ ನಮ್ಮ ಹಳೆ ಮನೆ ಕೆಡವುತ್ತಿದ್ದೇವೆ. ಅಟ್ಟದ ಮೇಲೆ ಮರಿಗೆ (ಮರದಲ್ಲಿ ಕೊರೆದ ಪಾತ್ರೆ), ತಾಮ್ರದ ಕೊಳಗ, ಒಂದು ಕಟ್ಟು ತಾಳೆಗರಿ, ಅಜ್ಜನ ಕಾಲದ ಫೋಟೋಗಳು ಇವೆ. ಊರ ಕಡೆಯ ವಸ್ತುಸಂಗ್ರಹಾಲಯಕ್ಕೆ ಕೊಡೋಣ ಅಂತಿದ್ದೇವೆ. ಕೊಟ್ಟ ಮೇಲೆ ಅವು ನಮ್ಮವಾಗಿ ಉಳಿಯುತ್ತವಾ? ಅವರು ಅವನ್ನು ಏನು ಮಾಡುತ್ತಾರೆ?

ಉತ್ತರ: ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಮನೆ ಪಾಲಾಗುವಾಗ, ಹೆಂಚು ಇಳಿಸಿ ಸ್ಲ್ಯಾಬ್ ಹಾಕುವಾಗ ಜಾಸ್ತಿ. ಉತ್ತರ ಇರುವುದು ನೀವು ಸಹಿ ಹಾಕುವ ಕಾಗದದಲ್ಲಿ. ದಾನ ಅಂತ ಬರೆದುಕೊಟ್ಟರೆ ಮುಗಿಯಿತು, ಅದು ಇನ್ನು ಅವರದ್ದು. ಎರವಲು ಅಂತ ಬರೆದರೆ ನಿಮ್ಮದೇ. ಎಷ್ಟು ವರ್ಷಕ್ಕೆ, ಯಾರು ವಾಪಸ್ ಕೇಳಬಹುದು, ಒಡೆದರೆ ಏನು ಕತೆ, ಎಲ್ಲ ಅದರಲ್ಲಿರಬೇಕು. ಮೂರನೇ ದಾರಿಯೂ ಒಂದಿದೆ, ಅದನ್ನು ಯಾರೂ ಕೇಳುವುದೇ ಇಲ್ಲ. ಸಾಮಾನು ನಿಮ್ಮ ಮನೆಯಲ್ಲೇ ಇರಲಿ. ಅವರು ಬಂದು ಫೋಟೋ ತೆಗೆದು, ಅಳತೆ ಹಿಡಿದು, ನೀವು ಹೇಳಿದ್ದನ್ನು ಬರೆದುಕೊಂಡು ಹೋಗಲಿ.

ನನ್ನ ಕೇಳಿದರೆ ಈ ಮೂರನೆಯದರಿಂದಲೇ ಶುರು ಮಾಡಿ ಅನ್ನುತ್ತೇನೆ. ಯಾಕೆ ಅಂತ ಹೇಳಲು ನಮ್ಮ ಮನೆಯ ಮರಿಗೆಯ ಕತೆ ಹೇಳಬೇಕು.

ಕೆಲವು ವರ್ಷದ ಹಿಂದೆ ಒಂದು ಹಳೆ ಸಾಮಾನಿನ ಪ್ರದರ್ಶನಕ್ಕೆ ಅದನ್ನು ಕೊಟ್ಟಿದ್ದೆವು. ರಸೀದಿ ಇಲ್ಲ, ಚೀಟಿ ಇಲ್ಲ, ಸುಮ್ನೆ ಜೀಪಿಗೆ ಹಾಕಿ ಕಳಿಸಿದ್ದು. ಅಜ್ಜಿಯನ್ನು ಕರೆದುಕೊಂಡು ನೋಡಲು ಹೋದೆ. ಮರಿಗೆಯ ಮುಂದೆ ಚೆಂದದ ಅಕ್ಷರದಲ್ಲಿ 'ಹಿಟ್ಟು ನಾದುವ ಪಾತ್ರೆ' ಅಂತ ಬರೆದಿತ್ತು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಓದಿದಳು. "ಇದ್ರಲ್ಲಿ ಯಾರು ಹಿಟ್ಟು ಕಲಸ್ತ ತಮಾ? ಇದು ಉಪ್ಪಿನ ಮರಿಗೆ" ಅಂದಳು. ಆಮೇಲೆ ಕೈ ಒಳಗೆ ಹಾಕಿ ತಳ ಸವರಿ, ಬೆರಳು ನನ್ನ ಮುಂದೆ ಹಿಡಿದಳು. ಬೆರಳು ಒದ್ದೆ. ಆಗ ಆಷಾಢ. ಉಪ್ಪು ಹಾಕುವುದು ಬಿಟ್ಟು ಮೂವತ್ತು ವರ್ಷವಾದರೂ ಮರದೊಳಗೆ ಸೇರಿದ ಉಪ್ಪು ಮಳೆಗಾಲದ ತೇವ ಎಳೆದು ಬೆವರುತ್ತಿತ್ತು.

ಪಕ್ಕದಲ್ಲೇ, ಮರಿಗೆಗೆ ಅಂಟಿಸಿದ ಹಾಗೆ, ಯಾರದೋ ಮನೆಯ ತಾಮ್ರದ ಹಂಡೆ ಇಟ್ಟಿದ್ದರು. ತಾಗಿದ ಕಡೆ ಹಸಿರು ಕಿಲುಬು ಏರಿತ್ತು.

ಒಂದು ಸಾಲಿನ ಮಾಹಿತಿ ಇಲ್ಲದೆ ಎರಡು ಮನೆಯ ಸಾಮಾನು ಕೆಟ್ಟಿತು. ಮರಿಗೆಯ ಜೊತೆ ಅಜ್ಜಿಯ ಮಾತೂ ಹೋಗಿದ್ದರೆ ಅದನ್ನು ಲೋಹದಿಂದ ದೂರ ಇಡುತ್ತಿದ್ದರು. ಇನ್ನೂ ಮುಖ್ಯ ಅಂದರೆ, ನೋಡಲು ಬಂದ ಮಕ್ಕಳಿಗೆ ಉಪ್ಪಿನ ದಾರಿ ಗೊತ್ತಾಗುತ್ತಿತ್ತು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದಲ್ಲಿ ಬೆಳೆದ ಉಪ್ಪು ಗಾಡಿಯಲ್ಲಿ ದೇವಿಮನೆ ಘಟ್ಟ ಹತ್ತಿ ಬರುತ್ತಿತ್ತು. ಮಳೆ ಹಿಡಿಯುವ ಮೊದಲು ಇಡೀ ವರ್ಷದ್ದು ತಂದು ತುಂಬಿಸಿಡುತ್ತಿದ್ದರು. ಲೋಹದಲ್ಲಿಟ್ಟರೆ ತಿಂದುಹಾಕುತ್ತದೆ, ಅದಕ್ಕೇ ಮರ. ಇದೆಲ್ಲ ಅಜ್ಜಿ ಅಲ್ಲೇ ನಿಂತು ಹೇಳಿದ್ದು. ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಒಳ್ಳೆಯ ಸಂಗ್ರಹಾಲಯ ಮೊದಲು ಮಾಡುವುದು ಇದನ್ನೇ, ಬರೆದುಕೊಳ್ಳುವುದು. ಪ್ರತಿ ವಸ್ತುವಿಗೆ ಒಂದು ನಂಬರು ಕೊಟ್ಟು ರಿಜಿಸ್ಟರಿನಲ್ಲಿ ಏರಿಸುತ್ತಾರೆ. ಯಾರ ಮನೆಯದ್ದು, ಯಾವ ಊರು, ನಿಮ್ಮ ಕಡೆ ಅದಕ್ಕೆ ಏನನ್ನುತ್ತಾರೆ, ಯಾರು ಬಳಸುತ್ತಿದ್ದರು, ಎಲ್ಲಿ ರಿಪೇರಿಯಾಗಿದೆ. ಆ ನಂಬರಿನ ಒಂದು ಪ್ರತಿ ನಿಮ್ಮ ಕೈಗೂ ಬರಬೇಕು. 'ರಿಜಿಸ್ಟರು ಆಮೇಲೆ ಮಾಡ್ತೇವೆ' ಅಂದರೆ ಸಾಮಾನು ಕೂಡ ಆಮೇಲೆ ಕೊಡಿ. 2022ರಲ್ಲಿ ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಂಗ್ರಹಾಲಯ ಮಂಡಳಿ ಮ್ಯೂಸಿಯಂ ಅಂದರೆ ಏನು ಅನ್ನುವ ವ್ಯಾಖ್ಯೆಯನ್ನೇ ಹೊಸದಾಗಿ ಬರೆಯಿತು. ಸಮುದಾಯಗಳು ಅದರ ಕೆಲಸದಲ್ಲಿ ಪಾಲ್ಗೊಳ್ಳಬೇಕು ಅನ್ನುವ ಮಾತು ಈಗ ಅದರೊಳಗಿದೆ. ನಮ್ಮ ಕಡೆ ಅದರ ಅರ್ಥ ಇಷ್ಟೇ: ಚೀಟಿ ಬರೆಯುವ ಮೊದಲು ಅಜ್ಜಿಯನ್ನು ಕೇಳಿ.

ಮನೆಯ ಸಾಮಾನಾದರೆ ಮನೆಯವರು ಒಪ್ಪಿದರೆ ಸಾಕು. ಊರಿನದ್ದಾದರೆ ಹಾಗಲ್ಲ. ಅಂಕೋಲೆ, ಕುಮಟೆ ಕಡೆ ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತದ ತುರಾಯಿ ನೋಡಿದ್ದೀರಲ್ಲ, ತಲೆಗೆ ಕಟ್ಟುವ ಬೆಂಡಿನ ಹೂವಿನದ್ದು? ಯಾರೋ ಒಬ್ಬ ಹುಡುಗ ಒಪ್ಪಿದ ಅಂತ ಅದನ್ನು ಎತ್ತಿಕೊಂಡು ಬರುವ ಹಾಗಿಲ್ಲ. ಅಲ್ಲಿ ಗೌಡ, ಬುಧವಂತ, ಕೋಲ್ಕಾರ ಅಂತ ಊರು ನಡೆಸುವವರ ವ್ಯವಸ್ಥೆಯಿದೆ. ಅವರ ಮುಂದೆ ಕೂತು ಮಾತಾಡಬೇಕು, ಒಂದಲ್ಲ ಎರಡು ಸಲ. ಗುಮಟೆ ಅನ್ನುವ ಮಣ್ಣಿನ ವಾದ್ಯದ್ದು ಮತ್ತೊಂದು ತೊಡಕು. ಹಳೆಯ ಗುಮಟೆಗಳಿಗೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ ಹಾಕುತ್ತಾರೆ. ಹಾಗಾಗಿ ಅಜ್ಜನ ಗುಮಟೆ ಅಂತ ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೂ ಸಂಗ್ರಹಾಲಯದವರು ಮೊದಲು ನೋಡುವುದು ಅದರ ಬಾಯಿಯನ್ನೇ. ಬೇಜಾರು ಮಾಡಿಕೊಳ್ಳಬೇಡಿ.

ಹಾಡು, ಮಾತು ರೆಕಾರ್ಡ್ ಮಾಡಿದರೂ ಇದೇ ಲೆಕ್ಕ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ ಹಾಡಿನಿಂದಲೇ 2017ರಲ್ಲಿ ಪದ್ಮಶ್ರೀ ಬಂತು. ಹಾಡಿಗೂ ಒಡೆಯರಿದ್ದಾರೆ ಅನ್ನುವುದು ನಮಗೆ ಆಗಲಾದರೂ ಹೊಳೆಯಬೇಕಿತ್ತು. ರೆಕಾರ್ಡಿಂಗ್ ಎಲ್ಲಿ ಹಾಕುತ್ತೀರಿ, ನಮಗೊಂದು ಪ್ರತಿ ಕೊಡುತ್ತೀರಾ ಅಂತ ಹಾಡಿದವರು ಕೇಳಿದರೆ ಅದು ಹಟವಲ್ಲ.

ನಿಮ್ಮ ಕಟ್ಟಿನಲ್ಲಿರುವ ತಾಳೆಗರಿಗೆ ಕಾನೂನಿನ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು. ಮಹತ್ವದ ಹಸ್ತಪ್ರತಿಗಾದರೆ 75 ವರ್ಷ ಸಾಕು. ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ವಿದೇಶಕ್ಕೆ ಸಾಗಿಸುವ ಹಾಗಿಲ್ಲ, ಲೈಸೆನ್ಸ್ ಇಲ್ಲದೆ ವ್ಯಾಪಾರ ಮಾಡುವ ಹಾಗಿಲ್ಲ. ಕಲ್ಲು, ಲೋಹದ ಹಳೆ ಮೂರ್ತಿ, ಚಿತ್ರವಿರುವ ಹಸ್ತಪ್ರತಿ ಇಂಥವಕ್ಕೆ ನೋಂದಣಿ ಬೇಕು. ನೋಂದಾಯಿಸಿದ್ದನ್ನು ಬೇರೆಯವರಿಗೆ ಕೊಟ್ಟರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು.

ಕೊಡುವ ಮೊದಲು ದಯವಿಟ್ಟು ಏನನ್ನೂ ತೊಳೆಯಬೇಡಿ. ಕೊಳಗ ಫಳಫಳ ಹೊಳೆಯಲಿ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೀರಿ, ಅದರ ಮೇಲಿನ ಹಳೆ ಅಕ್ಷರ, ಅಳತೆಯ ಗುರುತು ಇಷ್ಟಿಷ್ಟೇ ಸವೆದು ಹೋಗುತ್ತದೆ. ತಾಳೆಗರಿ ಬಿಚ್ಚಲೂ ಬೇಡಿ, ಬಿಸಿಲಿಗೆ ಒಣಹಾಕಲೂ ಬೇಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಫೋಟೋಗಳ ಹಿಂದೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆಯಬೇಡಿ, ಮೆತ್ತಗೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಆದರೆ ಬರೆಯಿರಿ. ಯಾರು, ಯಾವ ಮದುವೆ, ಯಾವ ಅಂಗಳ. ಕಾರವಾರದ ಕಡೆ ಸೀಬರ್ಡ್ ನೌಕಾನೆಲೆಯ ಯೋಜನೆಗೆ ಊರು ಬಿಟ್ಟವರ ಮನೆಯಲ್ಲಿ ಇಂಥ ಫೋಟೋ ಸಿಕ್ಕರೆ, ಮುಂದೆ ನಿಂತವರಿಗಿಂತ ಅವರ ಬೆನ್ನಿಗಿರುವ ಮನೆ, ಕಟ್ಟೆ, ತೆಂಗಿನ ಸಾಲೇ ದೊಡ್ಡ ದಾಖಲೆ. ಆ ಅಂಗಳ ನೋಡಲು ಈಗ ಬೇರೆ ದಾರಿಯಿಲ್ಲ.

ಇನ್ನು ನೀವು ಕೇಳದೇ ಇರುವುದೊಂದು. ಮನೆ ಕೆಡವುತ್ತಿದ್ದೇವೆ ಅಂದಿರಿ. ಗೋಡೆ ನೋಡಿದ್ದೀರಾ? ಶಿರಸಿ ಮಾರಿಕಾಂಬಾ ದೇವಸ್ಥಾನದಲ್ಲಿ ಇರುವಂಥ ಕಾವಿ ಚಿತ್ರ, ಸುಣ್ಣದ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು ಕೆತ್ತಿ ಬಿಳಿ ಬಿಡಿಸುವುದು, ಹಳೆ ಮನೆಗಳಲ್ಲೂ ಒಂದೊಂದು ಸಿಗುತ್ತದೆ. ಬಾಗಿಲ ಮೇಲೋ ತುಳಸಿಕಟ್ಟೆಯಲ್ಲೋ ಡಿಸ್ಟೆಂಪರಿನ ಅಡಿ ಮುಚ್ಚಿಹೋಗಿರಬಹುದು. ಅದನ್ನು ಜೀಪಿಗೆ ಹಾಕಿ ಕಳಿಸಲು ಆಗುವುದಿಲ್ಲ. ಜೆಸಿಬಿಯವನಿಗೆ ದಿನ ಹೇಳುವ ಮೊದಲು ಸಂಗ್ರಹಾಲಯದವರಿಗೆ ಒಂದು ಫೋನ್ ಮಾಡಿ, ಬಂದು ನೋಡಿ ಫೋಟೋವನ್ನಾದರೂ ತೆಗೆದುಕೊಳ್ಳಲಿ.

ಹಾಗೆಯೇ ಅಟ್ಟ ಹತ್ತಿದಾಗ ಆ ಮರಿಗೆಯ ತಳ ಒಮ್ಮೆ ಬೆರಳಲ್ಲಿ ಸವರಿ. ಒದ್ದೆ ಅನ್ನಿಸಿದರೆ ಕೊಳಗವನ್ನು ಅದರ ಪಕ್ಕದಿಂದ ಇವತ್ತೇ ಎತ್ತಿಡಿ.